ಸೈಕಾಲಜಿ ತಗೋಬಹುದಾ ಮೇಡಂ?

ಪಿಯುಸಿ ರಿಸಲ್ಟ್ ಬಂದ್ಮೇಲೆ ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಡಿಗ್ರಿಲಿ ಸೈಕಾಲಜಿ ತಗೊಂಡ್ರೆ ಏನಾಗುತ್ತೆ, ಕೆಲಸ ಸಿಗುತ್ತಾ, ಮನೆಯವರು ಬೇಡ ಅಂತಾರೆ ಏನ್ ಮಾಡ್ಲಿ ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೆ ಮಾತ್ರ ಉತ್ತರ ಬರೀತಿದ್ದೀನಿ. ಕೆಲವು ಪತ್ರ ಉದ್ದ ಇದ್ವು, ಸ್ವಲ್ಪ ಕತ್ತರಿಸಿದ್ದೀನಿ, ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಲಕ್ಷ್ಮೇಶ್ವರದ ಹತ್ರ ಒಂದು ಹಳ್ಳಿಯಾಕಿ. ಸೆಕೆಂಡ್ ಪಿಯುಸಿ ಆರ್ಟ್ಸ್ ಮುಗಿಸೀನಿ, ಒಂದನೇತ್ತಿಂದ ಕನ್ನಡ ಮೀಡಿಯಂನಾಗ ಓದೀನಿ. ಡಿಗ್ರಿಗೆ ಸೈಕಾಲಜಿ ತಗೋಬೇಕಂತ ಆಸೆ ಐತಿ. ಅಪ್ಪಾರು "ಹುಚ್ಚರ ಜೋಡಿ ನಿನಗೇನ್ ಕೆಲಸ, ಬಿಎಡ್ ಮಾಡಾಕ ಬರೂ ಸಬ್ಜೆಕ್ಟ್ ತಗೋ" ಅಂತಾರ. ನಮ್ಮ ಚಿಗವ್ವಗ ಆರಾಮಿರಲಾರದಾಗ ಗುಡಿ, ದರ್ಗಾ ಎಲ್ಲಾ ಕಡೆ ತಿರುಗ್ಯಾಡಿ ಕಡೀಕ ಧಾರವಾಡದ ದವಾಖಾನಿಗೆ ತೋರಿಸಿದ ಮ್ಯಾಲೆ ಹುಷಾರಾದ್ಲು. ಅವತ್ತಿಂದ ನನಗ ಇದನ್ನ ಓದಬೇಕು ಅನ್ನಿಸೇತಿ. ಇಂಗ್ಲಿಷ್ ಅಷ್ಟು ಬರಂಗಿಲ್ಲ, ಆಗೂದಿಲ್ಲೇನ್ರಿ?
— ಓದುಗಿ, ಗದಗ ಜಿಲ್ಲೆ

ಉತ್ತರ: ಆಗುತ್ತೆ ತಂಗಿ, ತಗೋ. ಈ ಪತ್ರಗಳಲ್ಲೆಲ್ಲ ನನಗೆ ತುಂಬಾ ಖುಷಿ ಕೊಟ್ಟಿದ್ದು ನಿನ್ನದೇ, ಯಾಕಂದ್ರೆ ನಿನಗೆ ಇದನ್ನ ಓದೋಕೆ ಒಂದು ಕಾರಣ ಇದೆ ಮತ್ತೆ ಆ ಕಾರಣ ನಿನ್ನ ಮನೆ ಒಳಗಿಂದಾನೇ ಬಂದಿದೆ.

ಮೊದಲು ಅಪ್ಪನ ಮಾತು. ಅವರು ಹೇಳ್ತಿರೋದ್ರಲ್ಲಿ ಎರಡು ಭಯ ಇದೆ, ಒಂದು ಊರವರು ಏನಂತಾರೆ ಅನ್ನೋದು, ಇನ್ನೊಂದು ಕೆಲಸ. ಮೊದಲನೇದಕ್ಕೆ ನಿಮ್ಮ ಚಿಗವ್ವನೇ ಉತ್ತರ, ಅಪ್ಪನ ಹತ್ರ ಕೂತು ಆ ವಿಷಯನೇ ಮಾತಾಡು, ಅವತ್ತು ದವಾಖಾನೇಲಿ ಚಿಗವ್ವನ ಕಷ್ಟ ಕೂತು ಕೇಳಿಸ್ಕೊಂಡವರು ಇರಲಿಲ್ವಾ, ನಾನು ಅಂಥ ಕೆಲಸ ಕಲೀತೀನಿ ಅಂತ ಹೇಳು. ಎರಡನೇದು ನಿಜವಾದ ಭಯ, ಅದನ್ನ ತಳ್ಳಿ ಹಾಕಬೇಡ. ಈಗ ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಮೂರು ಸಬ್ಜೆಕ್ಟ್ ತಗೊಂಡು ಓದೋ ಪದ್ಧತಿ. ಸೈಕಾಲಜಿ ಜತೆ ಕನ್ನಡನೋ ಇತಿಹಾಸನೋ ಇರೋ ಕಾಂಬಿನೇಷನ್ ಇರೋ ಕಾಲೇಜು ಹುಡುಕು, ಆಗ ಬಿಎಡ್ ದಾರಿನೂ ತೆರೆದೇ ಇರುತ್ತೆ, ಅಪ್ಪನಿಗೂ ಸಮಾಧಾನ. ಎಲ್ಲಾ ಸರ್ಕಾರಿ ಕಾಲೇಜಲ್ಲೂ ಸೈಕಾಲಜಿ ಇರಲ್ಲ, ಅದಕ್ಕೇ ಅರ್ಜಿ ಹಾಕೋಕೆ ಮುಂಚೆ ಹೋಗಿ ಕೇಳು. ಧಾರವಾಡ ನಿನಗೆ ಹತ್ರ, ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆ ಕೂಡ ಇದೆ, ಮುಂದೆ ಎಂಎ ಮಾಡಬೇಕು ಅಂದ್ರೂ ದೂರ ಹೋಗಬೇಕಾಗಿಲ್ಲ.

ಇನ್ನು ಇಂಗ್ಲಿಷ್. ಸುಳ್ಳು ಹೇಳಲ್ಲ, ಎಂಎಗೆ ಹೋದ್ಮೇಲೆ ಪುಸ್ತಕ ಎಲ್ಲಾ ಇಂಗ್ಲಿಷಲ್ಲೇ. ಆದ್ರೆ ನಿನಗೆ ಮೂರು ವರ್ಷ ಟೈಮ್ ಇದೆ. ಎನ್‌ಸಿಇಆರ್‌ಟಿಯವರ ಹನ್ನೊಂದು, ಹನ್ನೆರಡನೇ ಕ್ಲಾಸಿನ ಸೈಕಾಲಜಿ ಪುಸ್ತಕ ಅವರ ವೆಬ್‌ಸೈಟಲ್ಲಿ ಫ್ರೀ ಸಿಗುತ್ತೆ, ಮೊಬೈಲಿಗೆ ಡೌನ್‌ಲೋಡ್ ಮಾಡ್ಕೊಂಡು ದಿನಾ ಎರಡು ಪುಟ ಓದು, ಅರ್ಥ ಆಗಿದ್ದನ್ನ ನಿನ್ನ ಕನ್ನಡದಲ್ಲಿ ಒಂದು ನೋಟ್‌ಬುಕ್ಕಲ್ಲಿ ಬರಿ. ಕನ್ನಡದಲ್ಲಿ ವಿವರಿಸೋಕೆ ಬಂದ್ರೆ ನಿನಗೆ ಅದು ಅರ್ಥ ಆಗಿದೆ ಅಂತ ಲೆಕ್ಕ, ಬರಲಿಲ್ಲ ಅಂದ್ರೆ ಇಂಗ್ಲಿಷಲ್ಲಿ ಬಾಯಿಪಾಠ ಮಾಡಿದ್ರೂ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ, ಇದನ್ನ ಇಂಗ್ಲಿಷ್ ಮೀಡಿಯಂ ಮಕ್ಕಳೂ ಓದಲಿ. ದವಾಖಾನೆಗೆ ಬರೋ ಹೆಂಗಸು "ನನಗೆ ಡಿಪ್ರೆಷನ್ ಇದೆ" ಅಂತ ಹೇಳ್ಕೊಂಡು ಬರಲ್ಲ. ಎದಿ ಡಬಡಬ ಅಂತೈತಿ, ಮೈಯೆಲ್ಲಾ ಉರಿ, ತಲಿ ಜಡ, ಉಂಡದ್ದು ರುಚಿ ಹತ್ತವಲ್ದು, ಇಷ್ಟೇ ಹೇಳೋದು. ಇದನ್ನ ಕೇಳಿ ಮುಂದಿನ ಪ್ರಶ್ನೆ ಏನು ಕೇಳಬೇಕು ಅಂತ ಗೊತ್ತಾಗಬೇಕಾದ್ರೆ ಆ ಭಾಷೆ ಒಳಗೆ ಹುಟ್ಟಿ ಬೆಳೆದಿರಬೇಕು. ಬೆಂಗಳೂರಲ್ಲಿ ಚೆನ್ನಾಗಿ ಓದಿದ ಎಷ್ಟೋ ಜನಕ್ಕೆ ಗದಗಿನ ಮಾತು ಅರ್ಥ ಆಗೋಕೆ ಟೈಮ್ ಬೇಕು, ನಿನಗೆ ಬೇಡ. ನಿಮ್ಮ ಕಡೆಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸನೂ ಇದೆ, ಗೊತ್ತಿರಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೇಲಿ, ಮಾನಸಿಕ ಕಾಯಿಲೆಗೆ ದೊಡ್ಡಾಸ್ಪತ್ರೆಗೇ ಬರಬೇಕು ಅಂತಿಲ್ಲ, ಹಳ್ಳಿ ಕಡೆ ಪ್ರೈಮರಿ ಹೆಲ್ತ್ ಸೆಂಟರಲ್ಲೇ ನೋಡಬಹುದು ಅಂತ ಮಾಡಿ ತೋರಿಸಿದ್ರು, ಅದೇ ಮಾದರೀನ ಇಟ್ಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಅದಕ್ಕೂ ಎಷ್ಟೋ ಮುಂಚೆ, 1930ರ ದಶಕದಲ್ಲಿ, ವಿ. ವಿ. ಕಾಮತ್ ಅನ್ನೋರು ಬಿನೆ ಬುದ್ಧಿಶಕ್ತಿ ಪರೀಕ್ಷೇನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದೋ ಹಾಗೆ ಮಾಡಿದ್ರು, ಬಿನೆ-ಕಾಮತ್ ಟೆಸ್ಟ್ ಅಂತ ಇವತ್ತಿಗೂ ಮಕ್ಕಳ ಐಕ್ಯೂ ನೋಡೋಕೆ ಬಳಸ್ತಾರೆ. ಅಂದ್ರೆ ಕನ್ನಡದ ಮಕ್ಕಳನ್ನ ಕನ್ನಡದಲ್ಲೇ ಅಳೀಬೇಕು ಅಂತ ಆವತ್ತೇ ಒಬ್ಬರಿಗೆ ಅನ್ನಿಸಿತ್ತು. ಆ ಕೆಲಸ ಇನ್ನೂ ಎಷ್ಟೋ ಬಾಕಿ ಇದೆ, ಅದನ್ನ ಮಾಡೋಕೆ ನಿನ್ನಂಥವರೇ ಬೇಕು.

ಪ್ರಶ್ನೆ: ನನ್ನ ಮಗ ಪಿಸಿಎಂಬಿ, ನೀಟ್‌ನಲ್ಲಿ ಸೀಟು ಬರೋ ಹಾಗೆ ರ‍್ಯಾಂಕ್ ಬರಲಿಲ್ಲ. ಈಗ ಸೈಕಾಲಜಿ ಓದಿ ಆಮೇಲೆ ಮನೋವೈದ್ಯ ಆಗ್ತೀನಿ ಅಂತಿದ್ದಾನೆ. ಹಾಗೆ ಆಗಬಹುದಾ? ದುಡಿಮೆ ಹೇಗೆ?
— ತಾಯಿ, ಶಿವಮೊಗ್ಗ

ಉತ್ತರ: ಹಾಗೆ ಆಗಲ್ಲ ಅಮ್ಮಾ, ಇದನ್ನ ಇವತ್ತೇ ಮಗನ ಹತ್ರ ಕೂತು ಬಿಡಿಸಿ ಮಾತಾಡಿ. ಮನೋವೈದ್ಯ ಅಂದ್ರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮಾಡಿ ಆಮೇಲೆ ಮೂರು ವರ್ಷ ಎಂಡಿ ಮಾಡಿದೋರು, ಮಾತ್ರೆ ಬರೆಯೋರು. ಸೈಕಾಲಜಿ ಓದಿದೋರು ಮಾತ್ರೆ ಬರೆಯೋ ಹಾಗಿಲ್ಲ, ಟೆಸ್ಟ್ ಮಾಡ್ತಾರೆ, ಥೆರಪಿ ಕೊಡ್ತಾರೆ, ಅದು ಬೇರೆ ಕೆಲಸ, ಕಮ್ಮಿ ಕೆಲಸ ಅಲ್ಲ. ಎರಡೂ ಸೇರಿದ್ರೇನೇ ಎಷ್ಟೋ ರೋಗಿಗಳು ಸುಧಾರಿಸೋದು. ಆದ್ರೆ ಸೈಕಾಲಜಿ ಡಿಗ್ರಿಯಿಂದ ಎಂಡಿಗೆ ದಾರಿ ಇಲ್ಲವೇ ಇಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಅಂದ್ರೂ ಲೆಕ್ಕ ಕೇಳಿ. ಡಿಗ್ರಿ ಮೂರು ವರ್ಷ, ಎಂಎ ಅಥವಾ ಎಂಎಸ್ಸಿ ಎರಡು ವರ್ಷ, ಅದಾದ್ಮೇಲೆ ಆಸ್ಪತ್ರೇಲಿ ರೋಗಿಗಳ ಜತೆ ಕೆಲಸ ಮಾಡ್ತಾ ಸೀನಿಯರ್‌ಗಳ ಕೈ ಕೆಳಗೆ ಎರಡು ವರ್ಷದ ಟ್ರೇನಿಂಗ್, ಇಷ್ಟು ದಿನ ಅದು ಎಂಫಿಲ್ ಅಂತ ಇತ್ತು. ಕಮ್ಮಿ ಅಂದ್ರೂ ಏಳು ವರ್ಷ. ಇದನ್ನ ಮುಗಿಸಿ ರಿಹ್ಯಾಬಿಲಿಟೇಷನ್ ಕೌನ್ಸಿಲ್, ಅಂದ್ರೆ ಆರ್‌ಸಿಐಲಿ ರಿಜಿಸ್ಟರ್ ಆದ್ಮೇಲೇನೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕೆ ಆಗೋದು. 2017ರ ಮಾನಸಿಕ ಆರೋಗ್ಯ ಕಾಯ್ದೇಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆ ಟ್ರೇನಿಂಗ್‌ಗೆ ಸೀಟು ತುಂಬಾ ಕಮ್ಮಿ, ಬೆಂಗಳೂರಿನ ನಿಮ್ಹಾನ್ಸ್‌ಗೆ ಇಡೀ ದೇಶದಿಂದ ಪರೀಕ್ಷೆ ಬರೀತಾರೆ. ಇದರ ಜತೆಗೆ ಈಗ ಕೋರ್ಸ್‌ಗಳೇ ಬದಲಾಗ್ತಿವೆ. ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿ ಎಂಫಿಲ್ ಡಿಗ್ರೀನೇ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿಗೆ ಮತ್ತೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ವಿನಾಯಿತಿ ಅಂತ ಹೇಳಿತ್ತು, ಅದರ ಜಾಗಕ್ಕೆ ಆರ್‌ಸಿಐ ಹೊಸ ಕೋರ್ಸ್‌ಗಳನ್ನ ತರ್ತಾ ಇದೆ. ನಿಮ್ಮ ಮಗ ಅಲ್ಲಿಗೆ ತಲುಪೋ ಹೊತ್ತಿಗೆ ಹೆಸರು ಬೇರೆ ಇರುತ್ತೆ, ಹಾಗಾಗಿ ಯಾರೋ ಸೀನಿಯರ್ ಹೇಳಿದ್ದು, ಏಜೆಂಟ್ ಹೇಳಿದ್ದು ನಂಬಬೇಡಿ, ಆರ್‌ಸಿಐ ವೆಬ್‌ಸೈಟಲ್ಲಿ ಆ ಕಾಲೇಜು, ಆ ಕೋರ್ಸು ಎರಡೂ ಲಿಸ್ಟಲ್ಲಿದೆಯಾ ನೋಡ್ಕೊಂಡೇ ದುಡ್ಡು ಕಟ್ಟಿ.

ದುಡಿಮೆ ಬಗ್ಗೆ ನೇರವಾಗಿ ಹೇಳ್ತೀನಿ, ಬರೀ ಬಿಎ ಅಥವಾ ಬಿಎಸ್ಸಿಗೆ ಸೈಕಾಲಜಿಸ್ಟ್ ಅಂತ ಯಾರೂ ಕೆಲಸ ಕೊಡಲ್ಲ. ಆ ಡಿಗ್ರಿ ಇಟ್ಕೊಂಡು ಎಚ್ಆರ್‌ಗೆ ಹೋಗೋರು, ಎಂಎಸ್‌ಡಬ್ಲ್ಯು, ಅಂದ್ರೆ ಸಮಾಜಕಾರ್ಯದ ಎಂಎ ಥರದ ಕೋರ್ಸ್ ಮಾಡೋರು, ಸ್ಪೆಷಲ್ ಎಜುಕೇಷನ್‌ಗೆ ಹೋಗೋರು, ಕೆಎಎಸ್-ಐಎಎಸ್ ಬರೆಯೋರು, ಹೀಗೆ ಹರಡ್ಕೊಂಡು ಹೋಗ್ತಾರೆ. ಎಂಎ ಆದ್ಮೇಲೆ ಸ್ಕೂಲ್ ಕೌನ್ಸಿಲರ್, ನೆಟ್ ಅಥವಾ ಕೆ-ಸೆಟ್ ಪಾಸಾದ್ರೆ ಕಾಲೇಜಲ್ಲಿ ಪಾಠ. ಮೊದಮೊದಲು ಸಂಬಳ ಜಾಸ್ತಿ ಇರಲ್ಲ, ಇಂಜಿನಿಯರಿಂಗ್ ಮುಗಿಸಿದ ಫ್ರೆಂಡ್ ಜತೆ ಹೋಲಿಸ್ಕೊಂಡು ಹುಡುಗರು ಕುಗ್ಗೋದು ಇದೇ ಟೈಮಲ್ಲಿ. ಮನೇಲಿ ಏಳೆಂಟು ವರ್ಷ ಕಾಯೋಕೆ ಆಗುತ್ತಾ ಅಂತ ಮೊದಲು ನೀವು ಲೆಕ್ಕ ಹಾಕಿ, ಆಮೇಲೆ ಅವನನ್ನ ಕೇಳಿ. ಅವನಿಗೆ ಬೇಕಾಗಿರೋದು ಡಾಕ್ಟರ್ ಅನ್ನೋ ಹೆಸರಾದ್ರೆ ಇನ್ನೊಂದ್ ಸಲ ನೀಟ್ ಬರೀಲಿ. ಮನಸ್ಸಿನ ವಿಷಯಾನೇ ಬೇಕು ಅಂದ್ರೆ ಬಯಾಲಜಿ ಓದಿರೋದು ವೇಸ್ಟ್ ಆಗಲ್ಲ, ಮಿದುಳು, ನರ, ಹಾರ್ಮೋನು ಎಲ್ಲಾ ಇಲ್ಲೂ ಬರುತ್ತೆ, ಆರ್ಟ್ಸ್‌ನಿಂದ ಬಂದ ಮಕ್ಕಳು ಒದ್ದಾಡೋ ಜಾಗದಲ್ಲಿ ಅವನು ಆರಾಮಾಗಿ ಹೋಗ್ತಾನೆ.

ಪ್ರಶ್ನೆ: ನಾನು ಸೈಕಾಲಜಿ ಸ್ಟೂಡೆಂಟ್ ಅಂದ ತಕ್ಷಣ ಎಲ್ಲರೂ "ನಾನೀಗ ಏನ್ ಯೋಚಿಸ್ತಿದ್ದೀನಿ ಹೇಳು" ಅಂತಾರೆ. ಏನ್ ಹೇಳ್ಬೇಕು?
— ಮಂಡ್ಯ

ಉತ್ತರ: "ನೀವೇ ಹೇಳಿ, ಕೇಳಿಸ್ಕೋತೀನಿ" ಅನ್ನಿ. ನಾವು ಕಲಿಯೋದು ಅದನ್ನೇ.

ಪ್ರಶ್ನೆ: ಬಿಎಸ್ಸಿ ಮೊದಲನೇ ವರ್ಷ ಮುಗೀತು. ಮನುಷ್ಯರನ್ನ ಅರ್ಥ ಮಾಡ್ಕೋಬೇಕು ಅಂತ ಸೇರಿದ್ದೆ, ಇಲ್ಲಿ ನೋಡಿದ್ರೆ ಕನ್ನಡಿ ನೋಡ್ಕೊಂಡು ನಕ್ಷತ್ರ ಬರೀ, ಗೆರೆ ಯಾವುದು ಉದ್ದ ಹೇಳು, ಇಂಥದ್ದೇ ಪ್ರಾಕ್ಟಿಕಲ್ಸ್. ಮುಂದೆ ಸ್ಟ್ಯಾಟಿಸ್ಟಿಕ್ಸ್ ಬೇರೆ ಇದೆಯಂತೆ, ಲೆಕ್ಕ ಬೇಡ ಅಂತಾನೇ ನಾನು ಇದನ್ನ ತಗೊಂಡಿದ್ದು. ಬಿಟ್ಟುಬಿಡೋಣ ಅನ್ನಿಸ್ತಿದೆ.
— ಬೆಂಗಳೂರು

ಉತ್ತರ: ಬಿಡಬೇಡಪ್ಪಾ, ಇನ್ನೊಂದು ಸೆಮಿಸ್ಟರ್ ತಡ್ಕೋ, ಯಾಕೆ ಅಂತ ಹೇಳ್ತೀನಿ.

ಆ ನಕ್ಷತ್ರದ ಪ್ರಯೋಗಾನ ಇನ್ನೊಂದ್ ಸಲ ನೋಡು. ಕೈ ಕಾಣೋ ಹಾಗಿಲ್ಲ, ಕನ್ನಡೀಲಿ ಮಾತ್ರ ನೋಡ್ಕೊಂಡು ಗೆರೆ ಮೇಲೆ ಪೆನ್ಸಿಲ್ ಓಡಿಸಬೇಕು, ಮೊದಲನೇ ಸಲ ಕೈ ಎತ್ತೆತ್ತಲೋ ಹೋಗುತ್ತೆ, ಐದಾರು ಸಲ ಆದ್ಮೇಲೆ ಟೈಮೂ ಕಮ್ಮಿ ತಪ್ಪೂ ಕಮ್ಮಿ. ಆಮೇಲೆ ಬಲಗೈಲಿ ಅಭ್ಯಾಸ ಮಾಡಿದ್ದು ಎಡಗೈಗೂ ಸ್ವಲ್ಪ ಬಂದಿರುತ್ತೆ, ಎಡಗೈಗೆ ಯಾರೂ ಕಲಿಸಿರಲ್ಲ! ಕಲಿಕೆ ಅನ್ನೋದು ಕೈಲಿಲ್ಲ, ಬೇರೆ ಎಲ್ಲೋ ಇದೆ ಅಂತ ನಿನ್ನ ಕಣ್ಣೆದುರಿಗೇ ಗ್ರಾಫ್‌ನಲ್ಲಿ ಬಂತಲ್ಲ. ತುದೀಲಿ ಬಾಣದ ಗುರುತಿರೋ ಆ ಮುಲ್ಲರ್-ಲೈಯರ್ ಗೆರೆಗಳೂ ಅಷ್ಟೇ, ಎರಡೂ ಒಂದೇ ಉದ್ದ ಅಂತ ಸ್ಕೇಲ್ ಇಟ್ಟು ನೋಡಿದ್ಮೇಲೂ ಕಣ್ಣು ಒಪ್ಪಲ್ಲ. ಗೊತ್ತಿದ್ರೂ ತಪ್ಪಾಗಿ ಕಾಣುತ್ತೆ ಅನ್ನೋದನ್ನ ಒಂದ್ ಸಲ ಸ್ವಂತ ಕಣ್ಣಲ್ಲಿ ನೋಡಿದೋನು ಆಮೇಲೆ ಬೇರೆಯವರನ್ನ "ಇಷ್ಟೂ ಗೊತ್ತಾಗಲ್ವಾ" ಅಂತ ಬೈಯೋಕೆ ಮುಂಚೆ ಯೋಚಿಸ್ತಾನೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಅನ್ನೋರು ಸೈಕಾಲಜಿ ಲ್ಯಾಬ್ ಶುರು ಮಾಡಿದಾಗ ಅಲ್ಲೂ ಇಂಥವೇ ನಡೀತಿದ್ದಿದ್ದು, ಬೆಳಕು ಕಂಡಾಗ ಗುಂಡಿ ಒತ್ತೋಕೆ ಎಷ್ಟು ಹೊತ್ತು ಬೇಕು ಅನ್ನೋ ಥರದ್ದು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೇನೇ ಎಂ. ವಿ. ಗೋಪಾಲಸ್ವಾಮಿಯವರು ಈ ವಿಭಾಗ ಕಟ್ಟಿದ್ರು, ಲಂಡನ್ನಲ್ಲಿ ಓದ್ಕೊಂಡು ಬಂದೋರು. 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಅನ್ನೋ ಹೆಸರಲ್ಲಿ ರೇಡಿಯೋ ಶುರು ಮಾಡಿದ್ದೂ ಅವರೇ. ಸೈಕಾಲಜಿ ಪ್ರೊಫೆಸರ್‌ಗೆ ರೇಡಿಯೋ ಯಾಕೆ ಅಂತ ಕೇಳಬೇಡ, ಜನ ಹೇಗೆ ಕೇಳ್ತಾರೆ, ಹೇಗೆ ಕಲೀತಾರೆ ಅನ್ನೋ ಕುತೂಹಲ ಇರೋನಿಗೆ ಇಂಥದ್ದೆಲ್ಲ ಹೊಳೆಯುತ್ತೆ ಅಂತ ನಾನಂತೂ ನಂಬ್ತೀನಿ.

ಇನ್ನು ಸ್ಟ್ಯಾಟಿಸ್ಟಿಕ್ಸ್. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಸ್ಟ್ಯಾಟಿಸ್ಟಿಕ್ಸ್ ಬಿಟ್ಟು ಸೈಕಾಲಜಿ ಇಲ್ಲ. 2015ರಲ್ಲಿ ಒಂದು ದೊಡ್ಡ ತಂಡ ಹೆಸರಾಂತ ಜರ್ನಲ್‌ಗಳಲ್ಲಿ ಬಂದಿದ್ದ 100 ಸಂಶೋಧನೆಗಳನ್ನ ಮತ್ತೆ ಮಾಡಿ ನೋಡ್ತು, ಮೊದಲು ಮಾಡಿದಾಗ 97 ಪರ್ಸೆಂಟ್ ಪಾಸಿಟಿವ್ ರಿಸಲ್ಟ್ ಕೊಟ್ಟಿದ್ದವು, ಎರಡನೇ ಸಲ 36 ಪರ್ಸೆಂಟ್ ಮಾತ್ರ ನಿಂತವು. ಇದನ್ನ ಕೇಳಿ ಸೈಕಾಲಜಿ ಸುಳ್ಳು ಅನ್ನೋರಿದ್ದಾರೆ. ನನಗೆ ಇದೇ ಈ ವಿಷಯದ ಮೇಲೆ ಗೌರವ ಜಾಸ್ತಿ ಮಾಡಿದ್ದು, ತಾವೇ ಬರೆದಿದ್ದನ್ನ ತಾವೇ ಮತ್ತೆ ಪರೀಕ್ಷೆ ಮಾಡಿ ಇಲ್ಲ ಇದು ನಿಲ್ಲಲ್ಲ ಅಂತ ಎಲ್ಲರ ಮುಂದೆ ಹೇಳೋಕೆ ಧೈರ್ಯ ಬೇಕು. ಹತ್ತಿಪ್ಪತ್ತು ಜನರ ಮೇಲೆ ಮಾಡಿದ್ದನ್ನ ಎಲ್ಲರಿಗೂ ಅನ್ವಯಿಸೋದು, ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ್ದನ್ನ ಹಾವೇರಿಯ ಅಜ್ಜಿಗೂ ಅದೇ ಅನ್ನೋದು, ಇಂಥ ತಪ್ಪು ಎಲ್ಲಿ ಆಗುತ್ತೆ ಅಂತ ಹಿಡಿಯೋಕೆ ನಿನ್ನ ಕೈಲಿರೋ ಸಾಧನ ಸ್ಟ್ಯಾಟಿಸ್ಟಿಕ್ಸ್ ಒಂದೇ. ಇವತ್ತು ಇನ್‌ಸ್ಟಾಗ್ರಾಮಲ್ಲಿ "ಸೈಕಾಲಜಿ ಹೇಳುತ್ತೆ" ಅಂತ ಬರೋ ರೀಲ್ಸ್ ನೋಡಿ ಯಾರು, ಎಷ್ಟು ಜನರ ಮೇಲೆ, ಹೇಗೆ ಅಳೆದ್ರು ಅಂತ ಕೇಳೋನೇ ನಿಜವಾದ ಸೈಕಾಲಜಿ ಸ್ಟೂಡೆಂಟ್.

ಲೆಕ್ಕದ ಭಯಕ್ಕೆ ಒಂದು ದಾರಿ ಇದೆ. ಸೂತ್ರದಿಂದ ಶುರು ಮಾಡಬೇಡ. ನಿನ್ನ ಕ್ಲಾಸಿನವರದೇ ಮಾರ್ಕ್ಸು, ಎಷ್ಟು ಗಂಟೆ ನಿದ್ದೆ ಮಾಡ್ತಾರೆ, ಎರಡು ಕಾಲಂ ಬರ್ಕೊಂಡು ಸಂಬಂಧ ಇದೆಯಾ ನೋಡು, ಅದೇ ಕೋರಿಲೇಷನ್. ಜಾಸ್ಪ್ ಅಂತ ಒಂದು ಸಾಫ್ಟ್‌ವೇರ್ ಫ್ರೀ ಇದೆ, ಲೆಕ್ಕ ಅದು ಮಾಡುತ್ತೆ, ಆ ಲೆಕ್ಕಕ್ಕೆ ಅರ್ಥ ಏನು ಅಂತ ನೀನು ಹೇಳಬೇಕು, ಪರೀಕ್ಷೆಗೆ ಮಾತ್ರ ಕೈಲಿ ಮಾಡೋದನ್ನ ಅಭ್ಯಾಸ ಮಾಡ್ಕೋ. ಹಾಂ, ಪ್ರಾಕ್ಟಿಕಲ್ ರೆಕಾರ್ಡ್‌ನ ಸೀನಿಯರ್ ಹತ್ರ ಇಸ್ಕೊಂಡು ಡೇಟಾ ಕಾಪಿ ಮಾಡೋರು ತುಂಬಾ ಜನ ಇದ್ದಾರೆ, ದಯವಿಟ್ಟು ನೀನು ಮಾಡಬೇಡ, ನಿನ್ನ ಪ್ರಯೋಗಕ್ಕೆ ಕೂತವರಿಂದ ಬಂದ ಸಂಖ್ಯೆ ಥಿಯರಿಗೆ ಉಲ್ಟಾ ಬಂದ್ರೂ ಅದನ್ನೇ ಬರಿ, ಯಾಕೆ ಉಲ್ಟಾ ಬಂತು ಅಂತ ಬರೆಯೋ ಆ ಅರ್ಧ ಪುಟದಲ್ಲೇ ನೀನು ಜಾಸ್ತಿ ಕಲಿಯೋದು.

ಪ್ರಶ್ನೆ: ಅಕ್ಕಾ, ಅಬ್‌ನಾರ್ಮಲ್ ಸೈಕಾಲಜಿ ಪೇಪರ್ ಓದೋಕೆ ಶುರು ಮಾಡಿದ್ಮೇಲೆ ಎಲ್ಲಾ ಕಾಯಿಲೆನೂ ನನಗೇ ಇದೆ ಅನ್ನಿಸ್ತಿದೆ. ಒಸಿಡಿ (ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡೋ ಗೀಳು ಕಾಯಿಲೆ) ಓದಿದ್ರೆ ಒಸಿಡಿ, ಪ್ಯಾನಿಕ್ ಓದಿದ್ರೆ ಪ್ಯಾನಿಕ್. ಇದರ ಜತೆ ನಿಜವಾಗಲೂ ಒಂದೆರಡು ತಿಂಗಳಿಂದ ಸರಿಯಾಗಿ ನಿದ್ದೆ ಬರ್ತಿಲ್ಲ, ಕ್ಲಾಸಿಗೆ ಹೋಗೋಕೆ ಮನಸ್ಸಾಗಲ್ಲ. ಇಂಥವಳು ಸೈಕಾಲಜಿ ಓದೋಕೆ ಲಾಯಕ್ಕಾ?
— ಹಾಸನ

ಉತ್ತರ: ಲಾಯಕ್ಕು ಕಣಮ್ಮಾ, ಅದರಲ್ಲಿ ಅನುಮಾನ ಬೇಡ. ಓದಿದ್ದೆಲ್ಲ ತನಗೇ ಇದೆ ಅನ್ನಿಸೋದು ಮೆಡಿಕಲ್ ಓದೋ ಮಕ್ಕಳಲ್ಲೂ ಇರುತ್ತೆ, ಯಾಕಂದ್ರೆ ಭಯ, ಬೇಜಾರು, ಕೈ ತೊಳೆದಿದ್ದು ಸಾಕಾಯ್ತಾ ಅನ್ನೋ ಅನುಮಾನ ಎಲ್ಲರಲ್ಲೂ ಒಂದಷ್ಟು ಇರುತ್ತೆ. ಕಾಯಿಲೆ ಅಂತ ಕರೆಯೋದು ಅದು ಎಷ್ಟು ದಿನದಿಂದ ಇದೆ, ಊಟ ನಿದ್ದೆ ಓದು ಕೆಡಿಸ್ತಿದೆಯಾ ಅಂತ ನೋಡಿ, ಪುಸ್ತಕದ ಲಿಸ್ಟಲ್ಲಿ ಎಷ್ಟು ಟಿಕ್ ಬಿತ್ತು ಅಂತ ಮಾತ್ರ ಅಲ್ಲ.

ಆದ್ರೆ ನಿನ್ನ ಪತ್ರದ ಎರಡನೇ ಭಾಗಾನ ನಾನು ಹಾಗೆ ಬಿಡಲ್ಲ. ಒಂದೆರಡು ತಿಂಗಳಿಂದ ನಿದ್ದೆ ಇಲ್ಲ, ಕ್ಲಾಸಿಗೆ ಹೋಗೋ ಮನಸ್ಸಿಲ್ಲ ಅಂದ್ರೆ ಅದನ್ನ ಪುಸ್ತಕ ನೋಡಿ ನೀನೇ ತೀರ್ಮಾನ ಮಾಡೋದು ಬೇಡ, ಈ ವಾರಾನೇ ಯಾರಿಗಾದ್ರೂ ತೋರಿಸು. ಜಿಲ್ಲಾಸ್ಪತ್ರೇಲಿ ಮಾನಸಿಕ ಆರೋಗ್ಯ ವಿಭಾಗ ಕೇಳು. ಅಲ್ಲೀವರೆಗೆ ಟೆಲಿ ಮನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ದುಡ್ಡು ಕೊಡಬೇಕಿಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಲ್ಲಿ ಶುರುವಾಗಿದ್ದು. ಬದುಕೋದೇ ಬೇಡ ಅನ್ನೋ ಯೋಚನೆ ಯಾವತ್ತಾದ್ರೂ ಬಂದ್ರೆ ಒಂದು ನಿಮಿಷನೂ ಕಾಯಬೇಡ, ಆ ನಂಬರಿಗೆ ಫೋನ್ ಮಾಡು, ಪಕ್ಕದ ರೂಮಿನವಳನ್ನ ಎಬ್ಬಿಸು. ತನ್ನ ಮನಸ್ಸಿಗೆ ತಾನೇ ಔಷಧಿ ಹುಡುಕ್ಕೋಬಹುದು ಅಂತ ಈ ಕೋರ್ಸಿಗೆ ಸೇರೋ ಮಕ್ಕಳಿದ್ದಾರೆ, ಸೇರಿದ್ದು ತಪ್ಪಲ್ಲ, ಆದ್ರೆ ಕ್ಲಾಸು ಚಿಕಿತ್ಸೆ ಆಗಲ್ಲ. ಚಿಕಿತ್ಸೆ ತಗೊಂಡು ಕ್ಲಾಸಿಗೆ ಬಾ, ಎರಡೂ ಒಟ್ಟೊಟ್ಟಿಗೆ ನಡೆಯುತ್ತೆ.

ಪ್ರಶ್ನೆ: ನನಗೆ 38, ಬ್ಯಾಂಕಲ್ಲಿ ಕೆಲಸ. ಜನ ಕೌಂಟರ್ ಹತ್ರ ಬಂದು ಸಾಲದ ಜತೆ ಮನೆ ಕಷ್ಟಾನೂ ಹೇಳ್ಕೋತಾರೆ. ಕೌನ್ಸೆಲಿಂಗ್ ಕಲೀಬೇಕು ಅಂತ ಆಸೆ. ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಮಾಡಬಹುದಾ? ಎರಡು ದಿನದ ಸರ್ಟಿಫಿಕೇಟ್ ಕೋರ್ಸ್ ಅಂತ ಜಾಹೀರಾತು ಬರ್ತಾನೇ ಇರುತ್ತೆ.
— ದಾವಣಗೆರೆ

ಉತ್ತರ: ದೂರಶಿಕ್ಷಣದ ದಾರಿ ಮುಚ್ಚಿದೆ ಸಾರ್. 2025ರ ಜುಲೈ-ಆಗಸ್ಟ್ ಸೆಷನ್‌ನಿಂದ ಸೈಕಾಲಜೀನ ಡಿಸ್ಟೆನ್ಸ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೊಸದಾಗಿ ಸೇರಿಸ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ ಹೇಳಿದೆ, 2021ರ ಆರೋಗ್ಯ ವೃತ್ತಿಗಳ ಕಾಯ್ದೆ ಒಳಗೆ ಈ ವಿಷಯ ಬರುತ್ತೆ ಅನ್ನೋ ಕಾರಣಕ್ಕೆ. ಕೆಲಸದಲ್ಲಿರೋರಿಗೆ, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳಿಗೆ ಇದರಿಂದ ನಿಜವಾಗಲೂ ಕಷ್ಟ ಆಗಿದೆ, ನನಗೆ ಬೇಜಾರಿದೆ. ಆದ್ರೆ ಒಬ್ಬ ರೋಗೀನೂ ನೋಡದೆ, ಒಂದು ಟೆಸ್ಟೂ ಕೈಯಾರೆ ಮಾಡದೆ ಡಿಗ್ರಿ ತಗೊಂಡು ಕ್ಲಿನಿಕ್ ತೆರೆಯೋದು ನಡೀತಿತ್ತು, ಅದು ನಿಲ್ಲಬೇಕಿತ್ತು. ಈಗಲೂ ಡಿಸ್ಟೆನ್ಸ್‌ಗೆ ಅಡ್ಮಿಷನ್ ಮಾಡಿಸ್ಕೊಡ್ತೀವಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಯುಜಿಸಿ ಲಿಸ್ಟ್ ನೋಡದೆ ದುಡ್ಡು ಕಳಿಸಬೇಡಿ.

ಎರಡು ದಿನದ ಕೋರ್ಸಿಗಂತೂ ಒಂದು ರೂಪಾಯಿನೂ ಕೊಡಬೇಡಿ. ಎರಡು ದಿನದಲ್ಲಿ ಚೆನ್ನಾಗಿ ಕೇಳಿಸ್ಕೊಳ್ಳೋದನ್ನ ಸ್ವಲ್ಪ ಕಲೀಬಹುದು, ಥೆರಪಿಸ್ಟ್ ಅಂತ ಹಾಕ್ಕೊಂಡು ಒಬ್ಬರ ಬದುಕಿನ ಒಳಗೆ ಕೈ ಹಾಕೋಕೆ ಆಗಲ್ಲ. ಆತ್ಮಹತ್ಯೆ ಯೋಚನೆ ಇರೋರು, ಮನೇಲಿ ಹೊಡೆತ ತಿನ್ನೋರು ಎದುರಿಗೆ ಬಂದು ಕೂತಾಗ ಏನು ಮಾಡಬೇಕು, ಯಾವಾಗ ಡಾಕ್ಟರ್ ಹತ್ರ ಕಳಿಸಬೇಕು ಅಂತ ಗೊತ್ತಿಲ್ಲದೆ ಮಾಡಿದ ಸಹಾಯದಿಂದ ಕೆಡುಕೇ ಜಾಸ್ತಿ.

ನಿಮಗೆ ನನ್ನ ಸಲಹೆ ಇಷ್ಟು. ಕೆಲಸ ಬಿಡಬೇಡಿ ಸದ್ಯಕ್ಕೆ. ಇಗ್ನೋದವರ ಇ-ಜ್ಞಾನಕೋಶದಲ್ಲಿ ಸೈಕಾಲಜಿ ಪಾಠಗಳು ಓದೋಕೆ ಫ್ರೀ ಸಿಗ್ತವೆ, ಒಂದು ವರ್ಷ ಓದಿ ನೋಡಿ, ಸ್ಟ್ಯಾಟಿಸ್ಟಿಕ್ಸ್ ಪಾಠನೂ ಬಿಡದೆ. ಅದರ ಜತೆ ನಿಮ್ಮೂರಲ್ಲೇ ಒಂದು ಸಹಾಯವಾಣಿನೋ, ವಿಶೇಷ ಮಕ್ಕಳ ಶಾಲೆನೋ, ಕುಡಿತ ಬಿಡಿಸೋ ಕೇಂದ್ರನೋ ಹುಡುಕಿ ಭಾನುವಾರ ಹೋಗಿ ಬನ್ನಿ, ಅಲ್ಲಿ ಮಾಡೋ ಕೆಲಸ ನಿಮಗೆ ಹಿಡಿಸಿದ್ರೆ ಆಗ ರೆಗ್ಯುಲರ್ ಎಂಎಗೋ ಎಂಎಸ್‌ಡಬ್ಲ್ಯುಗೋ ಬ್ಯಾಂಕಲ್ಲಿ ರಜೆ ಸಿಗುತ್ತಾ ಅಂತ ವಿಚಾರಿಸಿ. ಕೌಂಟರ್ ಹತ್ರ ಬರೋರಿಗೆ ಈಗಲೇ ಮಾಡಬಹುದಾದ ಒಂದು ಕೆಲಸ ಇದೆ, ಜಿಲ್ಲಾಸ್ಪತ್ರೆ ಮಾನಸಿಕ ಆರೋಗ್ಯ ವಿಭಾಗ ಯಾವ ದಿನ ಎಷ್ಟು ಹೊತ್ತಿಗೆ ಇರುತ್ತೆ, ಯಾವ ರೂಮು ಅಂತ ಒಂದು ಸಲ ಹೋಗಿ ತಿಳ್ಕೊಂಡು ಬನ್ನಿ, ಒಂದು ಚೀಟೀಲಿ ಅದನ್ನೂ 14416 ನಂಬರನ್ನೂ ಬರೆದು ಡ್ರಾಯರಲ್ಲಿ ಇಟ್ಕೊಳ್ಳಿ, ಬೇಕಾದೋರಿಗೆ ಕೊಡಿ.